ಬುಧವಾರದ ಒಪ್ಪತ್ತು

ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕಂತೆ. ಸರಿ, ಮಾತಾಡಿದ್ದೇನೆ. ನಮ್ಮ ಶಾಲೆಯ ಸಂಚಾಲಕರು ತೀರಿಕೊಂಡ ಹದಿಮೂರನೆಯ ದಿನ, ಉತ್ತರಕ್ರಿಯೆಯ ಊಟಕ್ಕೆ ಮೊದಲು ನುಡಿನಮನ ಇಟ್ಟಿದ್ದರು. ನಾಲ್ಕು ಜನ ಮಾತಾಡಿದರು, ನಾಲ್ವರೂ ಒಂದೇ ಮಾತು ಹೇಳಿದರು: ಅತಿಥಿ ಸತ್ಕಾರದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ, ತಾವು ಉಪವಾಸ ಇದ್ದ ದಿನವೂ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಐದನೆಯದಾಗಿ ಮೈಕು ನನ್ನ ಕೈಗೆ ಬಂತು. ಹದಿನಾರು ವರ್ಷ ಅವರ ಕೈಕೆಳಗೆ ಮುಖ್ಯೋಪಾಧ್ಯಾಯನಾಗಿದ್ದವನು ನಾನು. ಆ ಉಪವಾಸ ಎಂಥದ್ದೆಂದು ಆ ಚಪ್ಪರದ ಅಡಿಯಲ್ಲಿ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ನಾನೂ ಅದನ್ನೇ ಹೇಳಿದೆ. ಹೇಳಿ ಇಳಿದು ಬಂದು ಎಲೆಯ ಮುಂದೆ ಕೂತೆ, ಪಾಯಸ ಎರಡು ಸಲ ಹಾಕಿಸಿಕೊಂಡೆ.  

ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರು ಯಾವ ಜನ, ಅಂದರೆ ಯಾವ ಜಾತಿ, ಎಂದೂ ಬರೆಯುವುದಿಲ್ಲ. ಬರೆದರೆ ಉಳಿದ ಜನದವರೆಲ್ಲ ‘ನೋಡಿ, ಅವರೇ ಹಾಗೆ’ ಎಂದು ನೆಮ್ಮದಿಯಾಗಿ ಕೈತೊಳೆದುಕೊಂಡು ಏಳುತ್ತಾರೆ. ಅಂಥವರು ನಮ್ಮ ಕಡೆ ಎಲ್ಲ ಜನದಲ್ಲೂ ಇದ್ದಾರೆ, ನನ್ನ ಜನದಲ್ಲೂ ಇದ್ದಾರೆ.

ನಮ್ಮದು ಕಡಬದ ಆಚೆ ಒಳಗೆಲ್ಲೋ ಇರುವ ಸಣ್ಣ ಅನುದಾನಿತ ಪ್ರೌಢಶಾಲೆ. ಆಡಳಿತ ಮಂಡಳಿಯ ಪರವಾಗಿ ಅದನ್ನು ನಡೆಸುತ್ತಿದ್ದವರು ಈ ಸಂಚಾಲಕರು. ನೋಡಲಿಕ್ಕೆ ಬಹಳ ಚಂದದ ಮನುಷ್ಯ. ಇಸ್ತ್ರಿ ಮುರಿಯದ ಬಿಳಿ ಪಂಚೆ, ಅರ್ಧ ತೋಳಿನ ಬಿಳಿ ಅಂಗಿ, ಯಾರು ಎದುರಾದರೂ ಮೊದಲು ಕೈಜೋಡಿಸುವವರು ಅವರೇ. ಬಾಯಲ್ಲಿ ಒಂದು ಕೆಟ್ಟ ಮಾತು ನಾನು ಕೇಳಿಲ್ಲ. ಕಾರಿನಲ್ಲಿ ಸ್ವಂತ ನೀರಿನ ಬಾಟಲಿ, ಸ್ವಂತ ಫ್ಲಾಸ್ಕು. ಯಾರಾದರೂ ಕೈಕುಲುಕಿದರೆ ನಗುತ್ತಲೇ ಕುಲುಕುತ್ತಿದ್ದರು. ಆಮೇಲೆ ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ. ಮೊದಮೊದಲು ನಾನದನ್ನು ಶುಚಿತ್ವ ಎಂದುಕೊಂಡಿದ್ದೆ. ಕೆಲವರಿಗೆ ಕೈಕೊಟ್ಟಾಗ ಮಾತ್ರ ಕರವಸ್ತ್ರ ಹೊರಗೆ ಬರುತ್ತದೆ, ಉಳಿದವರಿಗೆ ಬರುವುದಿಲ್ಲ ಎಂದು ಕಾಣಲು ನನಗೆ ಎರಡು ವರ್ಷ ಬೇಕಾಯಿತು. ಕೊರೋನಾ ಬಂದಾಗ ಇಡೀ ಊರು ಅವರನ್ನು ಹೊಗಳಿತು. “ನಾನು ಮೊದಲಿಂದಲೂ ಹೇಳ್ತಿರ್ಲಿಲ್ವಾ?” ಎಂದು ಅವರೂ ಹೆಮ್ಮೆಪಟ್ಟರು.

ಪರವೂರಿನಿಂದ ಶಾಲೆಗೆ ಯಾರು ಬಂದರೂ ಸಂಜೆಯ ಊಟ ಅವರ ಲೆಕ್ಕದಲ್ಲಿ. ಯಾವ ಹೋಟೆಲು ಎಂಬುದನ್ನು ಬೇರೆಯವರು ಹೇಳುವ ಹಾಗಿಲ್ಲ. “ಊಟದ ವಿಷಯ ನನಗೆ ಬಿಡಿ ಹೆಡ್‌ಮಾಷ್ಟ್ರೆ” ಎನ್ನುತ್ತಿದ್ದರು, ದೊಡ್ಡ ಜವಾಬ್ದಾರಿ ಹೊತ್ತವರ ಧ್ವನಿಯಲ್ಲಿ. ಅವರ ಪಟ್ಟಿಯಲ್ಲಿ ಇದ್ದದ್ದು ಮೂರೇ ಹೋಟೆಲು. ಪುತ್ತೂರಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು, ಬಾಳೆಲೆಯಲ್ಲಿ ಬಡಿಸುವಂಥದ್ದು. ಪುತ್ತೂರಿನಲ್ಲೇ ಇನ್ನೊಂದು ಮೀನಿನೂಟದ್ದು, ಒಳಗೆ ತಂಪಾದ ಕೋಣೆ ಇರುವಂಥದ್ದು. ಮೂರನೆಯದು ಪುತ್ತೂರಿನದ್ದಲ್ಲ. ಸವಣೂರಿನ ಈಚೆ ರಸ್ತೆ ಬದಿಯಲ್ಲಿ ಒಬ್ಬ ಅಕ್ಕ ನಡೆಸುವ, ನಾಲ್ಕು ಬೆಂಚಿನ, ಶೀಟು ಹೊದಿಸಿದ ಮಾಡಿನ ಹೋಟೆಲು. ಸತ್ಯ ಹೇಳಬೇಕೆಂದರೆ ಮೂರರಲ್ಲಿ ರುಚಿ ಅಲ್ಲಿಯೇ. ಆ ಅಕ್ಕನ ಬಂಗುಡೆ ಸಾರು ಒಮ್ಮೆ ಉಂಡವರು ದಾರಿ ಮರೆಯುವುದಿಲ್ಲ.

ಯಾರನ್ನು ಎಲ್ಲಿಗೆ ಎಂಬುದು ಬಂದವರ ಹಸಿವಿನ ಮೇಲೆ ನಿಂತಿರಲಿಲ್ಲ, ಜಾತಿಯ ಮೇಲೆ ನಿಂತಿತ್ತು. ಹಾಗೆಂದು ನೇರವಾಗಿ ಕೇಳುವ ಪೈಕಿ ಅವರಲ್ಲ. “ಮನೆ ಎಲ್ಲಾಯ್ತು?” ಎಂದು ಶುರು. ಆಮೇಲೆ ತಾಯಿಮನೆ. ಆಮೇಲೆ ಮನೆಗೆ ಹೆಸರು ಎಂತ. ಆಮೇಲೆ ಮನೆಯ ದೈವ ಯಾವುದು, ಅದರ ನೇಮೋತ್ಸವಕ್ಕೆ ನೀವು ನಿಲ್ಲುದು ಎಲ್ಲಿ. ಸಂಕ್ರಮಣಕ್ಕೆ ಮೀನು ಆಗ್ತದಾ. ಘಟ್ಟದ ಮೇಲಿನವರಾದರೆ ಓದಿದ ಊರಿನಲ್ಲಿ ಯಾವ ಹಾಸ್ಟೆಲಿನಲ್ಲಿದ್ದಿರಿ ಎಂಬ ಪ್ರಶ್ನೆ. ಇಷ್ಟೂ ನಗುನಗುತ್ತಾ, ಮನೆಯವರ ಹಾಗೆ. ಕೇಳಿಸಿಕೊಂಡವರು ಎಷ್ಟು ಆತ್ಮೀಯ ಮನುಷ್ಯ ಎಂದುಕೊಳ್ಳುತ್ತಿದ್ದರು. ಮೂರು ನಿಮಿಷದಲ್ಲಿ ಉತ್ತರ ಸಿಕ್ಕುತ್ತಿತ್ತು, ಉತ್ತರದ ಜೊತೆಗೆ ಹೋಟೆಲೂ ನಿಶ್ಚಯವಾಗುತ್ತಿತ್ತು. ಮೊದಲಿನ ಎರಡಕ್ಕಾದರೆ ಅವರೂ ಕೂತು ಉಣ್ಣುತ್ತಿದ್ದರು. ಮೂರನೆಯದಕ್ಕೆ ಕರೆದುಕೊಂಡು ಹೋದ ದಿನ ಅವರಿಗೆ ಒಪ್ಪತ್ತು, ಅಂದರೆ ಹಗಲೊಂದೇ ಊಟ, ಸಂಜೆಗೆ ಉಪವಾಸ. ಅತಿಥಿಯ ಪಕ್ಕದಲ್ಲಿ ಕೂತು, ಅದು ಹಾಕಿ ಅಕ್ಕ, ಇದು ಹಾಕಿ ಅಕ್ಕ ಎಂದು ಉಪಚಾರ ಮಾಡಿ, ತಾವು ಮಾತ್ರ ಸ್ವಂತ ಬಾಟಲಿಯ ನೀರು ಕುಡಿಯುತ್ತಿದ್ದರು.

ನಮ್ಮ ಕಡೆ ಸೋಮವಾರ ಒಪ್ಪತ್ತು ಮಾಡುವವರಿದ್ದಾರೆ, ಶನಿವಾರ ಮಾಡುವವರಿದ್ದಾರೆ, ಸಂಕ್ರಮಣಕ್ಕೆ ಮಾಡುವವರಿದ್ದಾರೆ. ಇವರ ಒಪ್ಪತ್ತಿಗೆ ವಾರವೂ ಇಲ್ಲ ತಿಥಿಯೂ ಇಲ್ಲ. ಬಂದವರನ್ನು ನೋಡಿ ಬರುತ್ತಿತ್ತು.

ಒಂದು ವಾರ್ಷಿಕೋತ್ಸವಕ್ಕೆ ಇಬ್ಬರು ಅತಿಥಿಗಳು. ಒಬ್ಬರು ನಿವೃತ್ತ ಅಧಿಕಾರಿ, ಇನ್ನೊಬ್ಬರು ಮಕ್ಕಳಿಗೆ ಹಾಡು ಹೇಳಿಕೊಡುವ ಗಾಯಕರು. ಬೇರೆ ಯಾರಾದರೂ ಆಗಿದ್ದರೆ ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಒಂದೇ ಮೇಜಿಗೆ ಕರೆದುಕೊಂಡು ಹೋಗುತ್ತಿದ್ದರು. ಇವರು ಎರಡು ಕಾರು ಮಾಡಿದರು. ಅಧಿಕಾರಿಯನ್ನು ತಾವೇ ಮೀನಿನ ಹೋಟೆಲಿಗೆ, ಗಾಯಕರನ್ನು ನನ್ನ ಜೊತೆ ಅಕ್ಕನಲ್ಲಿಗೆ. ನಾವು ಊಟದ ನಡುವೆ ಇದ್ದೇವೆ, ಇವರ ಕಾರು ಬಂದು ನಿಂತಿತು. ಅಧಿಕಾರಿಯನ್ನು ಅಲ್ಲಿ ಯಾರದೋ ಜೊತೆ ಮಾತಿಗೆ ಕೂರಿಸಿ, “ಸಣ್ಣ ಕೆಲಸ ಉಂಟು, ಈಗ ಬಂದೆ” ಎಂದು ಹೇಳಿ ಬಂದಿದ್ದರಂತೆ. ಗಾಯಕರ ಪಕ್ಕ ಕೂತು, “ಇವತ್ತು ನನಗೆ ಒಪ್ಪತ್ತು ಮಾರಾಯ್ರೆ, ಇಲ್ಲದಿದ್ರೆ ನಿಮ್ಮೊಟ್ಟಿಗೆ ಒಂದು ತುತ್ತಾದ್ರೂ ಉಣ್ಣದೆ ಇರ್ತಿದ್ನಾ?” ಎಂದರು. ಹೇಳುತ್ತಾ ನನ್ನ ಹೆಗಲ ಮೇಲೆ ಕೈಯಿಟ್ಟರು. ಕೈ ಮೀನಿನ ವಾಸನೆ ಹೊಡೆಯುತ್ತಿತ್ತು. ಪಾಪ, ಆ ಗಾಯಕರು ಎದ್ದು ನಿಂತು ಕೈಮುಗಿದು, “ಇಂಥ ನಿಷ್ಠೆ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತೆ ಸರ್” ಎಂದರು. ಥೂ! ನನ್ನ ಬಾಯಲ್ಲಿದ್ದ ಅನ್ನ ಅಲ್ಲೇ ನಿಂತಿತು. ಆದರೆ ನಿಂತದ್ದು ಒಂದು ಗಳಿಗೆ ಮಾತ್ರ, ಆಮೇಲೆ ನುಂಗಿದೆ.

ಒಬ್ಬರೇ ಅತಿಥಿ ಇದ್ದ ದಿನಗಳಲ್ಲಿ ಇನ್ನೂ ಹೇಸಿಗೆ. ಅಕ್ಕನಲ್ಲಿ ಉಣ್ಣಿಸಿ, ಪುತ್ತೂರು ಬಸ್‌ಸ್ಟ್ಯಾಂಡಿಗೆ ಬಿಟ್ಟು, ಬಸ್ಸು ತಿರುಗುವವರೆಗೂ ಕೈಬೀಸಿ, ಆಮೇಲೆ ನನ್ನ ಕಡೆ ತಿರುಗಿ, “ಹಸಿವು ಮಾರಾಯ್ರೆ, ಬನ್ನಿ” ಎನ್ನುತ್ತಿದ್ದರು. ನೇರ ಮೀನಿನ ಹೋಟೆಲಿಗೆ. ಅಲ್ಲಿ ಕಾಣೆ ಮೀನಿನ ಫ್ರೈಯ ಮುಳ್ಳನ್ನು ಒಂದೊಂದಾಗಿ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಚೀಪುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎದುರಿನಲ್ಲಿ ನಾನು. ಆಗಷ್ಟೇ ಅಕ್ಕನಲ್ಲಿ ಹೊಟ್ಟೆ ತುಂಬ ಉಂಡವನು ಅಲ್ಲಿ ಎರಡನೆಯ ಸಲ ಉಣ್ಣುತ್ತಿದ್ದೆ, ಬೇಡ ಎನ್ನಲು ಧೈರ್ಯವಿಲ್ಲದೆ. ಅವರ ಪ್ರಶ್ನೆಗಳಲ್ಲಿ ಹದಿನಾರು ವರ್ಷದ ಹಿಂದೆಯೇ ಪಾಸಾಗಿದ್ದವನು ನಾನು. ಪಾಸಾಗಿದ್ದೇನೆ ಎಂಬ ಒಂದು ಸಮಾಧಾನ ಎಲ್ಲೋ ಒಳಗೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ದಿನ ಮಾತ್ರ ಕೇಳಿಯೇಬಿಟ್ಟೆ. “ಇಲ್ಲಿ ಪಕ್ಕದ ಟೇಬಲಿನಲ್ಲಿ ಯಾರು ಕೂತಿದ್ದಾರೆ, ಒಳಗೆ ಮೀನು ಕಾಯಿಸುದು ಯಾರು, ನಿಮಗೆ ಗೊತ್ತುಂಟಾ?”

“ಇಲ್ಲ. ಗೊತ್ತಿಲ್ಲದ್ದಕ್ಕೆ ದೋಷ ಇಲ್ಲ ಮಾರಾಯ್ರೆ.”

“ಹಾಗಾದ್ರೆ ಬಂದವರದ್ದು ಯಾಕೆ ಕೇಳಿ ಕೇಳಿ ತಿಳ್ಕೊಳ್ಳುದು? ಕೇಳದೆ ಇದ್ರೆ ನಿಮಗೂ ದೋಷ ಇಲ್ಲ, ಅವರಿಗೂ ಒಳ್ಳೆ ಊಟ.”

ದಡ್ಡ ಹುಡುಗನನ್ನು ನೋಡಿದ ಹಾಗೆ ನನ್ನನ್ನು ನೋಡಿದರು. “ಅದು ಹೇಗೆ ಆಗ್ತದೆ ಹೆಡ್‌ಮಾಷ್ಟ್ರೆ? ಗೊತ್ತಿರ್ಬೇಕಲ್ಲ!”

ನನಗೆ ನಗು ಬಂತು. ಅವರೂ ನಕ್ಕರು. ಇಬ್ಬರೂ ಸೇರಿ ನಕ್ಕೆವು. ನಗಬಾರದಿತ್ತು. ನಕ್ಕ ಮೇಲೆ ಅದು ನಮ್ಮಿಬ್ಬರ ನಡುವಿನ ತಮಾಷೆ ಆಯಿತು. ತಮಾಷೆಯನ್ನು ಮರುದಿನ ಜಗಳ ಮಾಡಲಿಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು ಬರೆಯದಿದ್ದರೆ ನಾನು ಅವರಿಗಿಂತ ಕಡೆಯಾಗುತ್ತೇನೆ. ನನ್ನ ಮಗಳಿಗೆ ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದಾಗ ತಮ್ಮ ಕಾರಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದದ್ದು ಅವರೇ. ನಾಲ್ಕು ದಿನ ಆಸ್ಪತ್ರೆಯ ಹೊರಗಿನ ಕುರ್ಚಿಯಲ್ಲಿ ಕೂತು, ಫೋನು ಮಾಡಿ ಮಾಡಿ ರಕ್ತ ಕೊಡುವವರನ್ನು ಕರೆಸಿದರು. ಬಂದವರು ಯಾವ ಜನ ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಗಳು ಉಳಿದಳು. ಆ ಋಣ ನನ್ನ ಬಾಯಿಗೆ ಬೀಗ ಹಾಕಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬೀಗ ಅದಕ್ಕೆ ಮೊದಲೇ ಬಿದ್ದಿತ್ತು ಎಂಬುದೂ ನನಗೆ ಗೊತ್ತಿದೆ.

ನಾಲ್ಕು ವರ್ಷದ ಹಿಂದೆ ನಮ್ಮ ಗಣಿತದ ಶಿಕ್ಷಕರು ನಿವೃತ್ತರಾದರು. ಸರಕಾರ ಆ ಜಾಗಕ್ಕೆ ಯಾರನ್ನೂ ಕೊಡಲಿಲ್ಲ. ಆಡಳಿತ ಮಂಡಳಿ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳೋಣವೆಂದರೆ ನಮ್ಮ ಮೂಲೆಗೆ ಬರುವವರಿಲ್ಲ. ಜೂನ್‌ನಿಂದ ಹತ್ತನೆಯ ತರಗತಿಗೆ ಗಣಿತ ಮಾಡಿದ್ದು ನಾನು, ಕನ್ನಡದ ಮೇಷ್ಟ್ರು. ಗೈಡು ಇಟ್ಟುಕೊಂಡು ಬೋರ್ಡಿನ ಮೇಲೆ ಲೆಕ್ಕ ಇಳಿಸುತ್ತಿದ್ದೆ. ಉತ್ತರ ತಾಳೆಯಾಗದಿದ್ದರೆ “ಉಳಿದದ್ದು ಮನೆಯಲ್ಲಿ ಮಾಡಿ” ಎನ್ನುತ್ತಿದ್ದೆ. ಮಕ್ಕಳಿಗೂ ಗೊತ್ತಾಗಿತ್ತು, ಈ ಮನುಷ್ಯನಿಗೆ ಬರುವುದಿಲ್ಲ ಎಂದು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕಿರುಪರೀಕ್ಷೆಯ ಕಾಗದದ ಮೇಲೆ ತನ್ನ ಹೆಸರು ಮಾತ್ರ ಬರೆದು, ಉಳಿದದ್ದನ್ನು ಹಾಗೇ ಖಾಲಿ ಬಿಟ್ಟು ಕೊಟ್ಟಿದ್ದಳು. ಆ ಕಾಗದಕ್ಕೆ ಸೊನ್ನೆ ಹಾಕುವಾಗ ಸೊನ್ನೆ ಯಾರಿಗೆ ಎಂದು ನನಗೆ ಸಂಶಯವಿರಲಿಲ್ಲ.

ಅಂಥ ಹೊತ್ತಿನಲ್ಲಿ ರಾಯಚೂರು ಕಡೆಯ ಒಬ್ಬ ಯುವಕರ ಅರ್ಜಿ ಬಂತು. ಬನ್ನಿ, ಒಂದು ಪಾಠ ಮಾಡಿ ತೋರಿಸಿ ಎಂದು ಕರೆದೆ. ಒಂದು ಬುಧವಾರ ಬಂದರು. ಮೂವತ್ತರ ಒಳಗಿನ ವಯಸ್ಸು, ಕಡಿಮೆ ಮಾತು. ಪೈಥಾಗೋರಸನ ಪ್ರಮೇಯ ಮಾಡಿ ಎಂದೆ. ಬೋರ್ಡಿನ ಹತ್ತಿರವೇ ಹೋಗಲಿಲ್ಲ. ಒಂದು ಹಗ್ಗ ಕೇಳಿ ತರಿಸಿದರು. ಸಮ ಅಂತರದಲ್ಲಿ ಹದಿಮೂರು ಗಂಟು ಹಾಕಿ, ಮಕ್ಕಳನ್ನು ಕರೆದುಕೊಂಡು ಹೊರಗೆ ಅರ್ಧ ಕಟ್ಟಿ ನಿಂತಿದ್ದ ಶೌಚಾಲಯದ ಗೋಡೆಯ ಹತ್ತಿರ ಹೋದರು. ಗಂಟುಗಳ ನಡುವಿನ ಮೂರು ಅಂತರ ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ಐದು ಓರೆಗೆ. ಹಗ್ಗ ಎಳೆದು ಹಿಡಿದರೆ ಮೂಲೆ ತಾನಾಗಿ ಸರಿಯಾಗುತ್ತದೆ. ನಮ್ಮ ಗೋಡೆಯ ಮೂಲೆ ಸರಿಯಿರಲಿಲ್ಲ ಎಂಬುದು ಅವತ್ತು ಮಕ್ಕಳಿಗೆ ಗೊತ್ತಾಯಿತು, ಹೋ ಎಂದು ನಕ್ಕರು. “ನಮ್ಮಪ್ಪ ಗೌಂಡಿ ಕೆಲಸ ಮಾಡ್ತಿದ್ರು. ಮನಿ ಕಟ್ಟೋ ಕೆಲಸ. ಸಾಲಿ ಕಲಿತಿದ್ದಿಲ್ಲ, ಆದ್ರ ಈ ಲೆಕ್ಕ ಬರ್ತಿತ್ತು” ಎಂದು ಅವರು ಮಕ್ಕಳಿಗೆ ಹೇಳಿದರು. ಹಗ್ಗದ ತುದಿ ಹಿಡಿದು ನಿಂತಿದ್ದವಳು ಆ ಖಾಲಿ ಕಾಗದದ ಹುಡುಗಿ. ತರಗತಿ ಬಿಟ್ಟ ಮೇಲೆ ನನ್ನ ಕೋಣೆಗೆ ಬಂದು ಕೇಳಿದಳು. “ಸರ್, ಇವರು ನಾಳೆಯೂ ಬರ್ತಾರಾ?”

ಬರಬೇಕು ಎಂದು ನಾನು ಆಗಲೇ ನಿಶ್ಚಯಿಸಿಯಾಗಿತ್ತು. ಆದರೆ ಅವರ ಕೈಯಲ್ಲಿ ಇನ್ನೊಂದು ಕರೆಯೂ ಇತ್ತು, ಕೊಪ್ಪಳದ ಯಾವುದೋ ಶಾಲೆಯದ್ದು. ಇಲ್ಲಿಯ ಜನ ಹೇಗೆ ಎಂದು ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು.

ಮಧ್ಯಾಹ್ನ ಸಂಚಾಲಕರು ಬಂದರು. ಪಾಠದ ವಿಷಯ ಕೇಳಿ ನಿಜಕ್ಕೂ ಖುಷಿಪಟ್ಟರು. ಅತಿಥಿಗೆ ಕ್ಯಾಂಟೀನಿನ ಚಹಾ ತರಿಸಿ, ತಮ್ಮ ಫ್ಲಾಸ್ಕು ತೆರೆದು ಪ್ರಶ್ನೆಗೆ ಇಳಿದರು.

“ನಿಮ್ಮ ಮನೆಗೆ ಎಂತ ಹೆಸರು?”

“ಹೆಸರಿಲ್ರಿ ಸರ. ಮನಿ ನಂಬರ್ ಐತ್ರಿ.”

“ಮನೆಯಲ್ಲಿ ದೈವ ದೇವರು ಎಂತ ಉಂಟು?”

“ಎಲ್ಲಾ ದೇವರೂ ಅದಾವ್ರಿ.”

“ಓದಿದ್ದು ಯಾವ ಹಾಸ್ಟೆಲಿನಲ್ಲಿ?”

“ಚಿಕ್ಕಪ್ಪನ ಮನ್ಯಾಗಿದ್ದು ಓದಿದ್ನಿರಿ.”

“ಮೀನು ಆಗ್ತದಾ?”

“ತಿಂತೀನ್ರಿ. ನಮ್ಮ ಕಡಿ ಹೊಳಿ ಮೀನ ಸಿಗ್ತಾವು.”

ನಮ್ಮ ಸಂಚಾಲಕರ ಇಡೀ ಬತ್ತಳಿಕೆ ಬರಿದಾಯಿತು. ಕರಾವಳಿಯ ಮನೆಹೆಸರು, ದೈವ, ನೇಮ, ಇದಾವುದೂ ಆ ಊರಿಗೆ ತಾಗುವಂಥದ್ದಲ್ಲ. ಕೊನೆಗೆ “ನಿಮ್ಮ ಊರಲ್ಲಿ ಗೌಡರು ಉಂಟಾ?” ಎಂದರು. “ಅದಾರ್ರಿ. ನಮ್ಮ ಮನಿ ಗೌಡರ ವಾಡೇದ ಹಿಂದನ ಐತ್ರಿ” ಎಂದು ಅವರು ಹೇಳಿದ್ದೇ ತಡ, ಇವರ ಮುಖ ಬೆಳಗಿತು. ಗೌಡರ ಮನೆಗೆ ತಾಗಿ ಮನೆ ಎಂದರೆ ನಮ್ಮ ಸುಳ್ಯದ ಕಡೆ ಕುಟುಂಬದವರು, ದಾಯಾದಿಗಳು. ಅಲ್ಲಿಯೂ ಹಾಗೇ ಎಂದು ತಾವೇ ತೀರ್ಮಾನಿಸಿಕೊಂಡರು. “ಸಂಜೆ ಪುತ್ತೂರಿಗೆ ಹೋಗುವ. ಕಾಣೆ ಫ್ರೈ ತಿನ್ನಿಸ್ತೇನೆ ನಿಮಗೆ. ಒಟ್ಟಿಗೆ ಕೂತು ಉಣ್ಣುವ. ನಾನು ನಾಲ್ಕು ತಿಂದ್ರೆ ನೀವು ಆರು ತಿನ್ಬೇಕು, ಆಯ್ತಾ?” ಎಂದರು. ಅತಿಥಿ ಅವತ್ತು ಮೊದಲ ಸಲ ಬಾಯಿಬಿಟ್ಟು ನಕ್ಕರು.

ಅಲ್ಲಿಗೆ ನಿಂತಿದ್ದರೆ ಚಂದವಿತ್ತು. ಸಂಜೆ ಹೊರಡುವ ಹೊತ್ತಿಗೆ ಅವರಿಗೇನೋ ಸಂಶಯ ಬಂತು. ನನ್ನ ಕೋಣೆಗೆ ಬಂದು, “ಅರ್ಜಿ ಕೊಡಿ ಹೆಡ್‌ಮಾಷ್ಟ್ರೆ, ಒಮ್ಮೆ ನೋಡುವ” ಎಂದರು. ಅರ್ಜಿ ನನ್ನ ಮೇಜಿನ ಮೇಲೇ ಇತ್ತು. ಅದರ ಕೊನೆಯಲ್ಲಿ ಜಾತಿ ಪ್ರಮಾಣಪತ್ರ ಲಗತ್ತಾಗಿದೆ ಎಂದು ನನಗೆ ಗೊತ್ತಿತ್ತು. ನಾವು ಅದನ್ನು ಕೇಳಿರಲಿಲ್ಲ. ಎಲ್ಲ ಕಡೆ ಕೇಳುತ್ತಾರೆಂದು ಪಾಪ ಆ ಮನುಷ್ಯ ತಾವಾಗಿ ಲಗತ್ತಿಸಿದ್ದರು. ಗುಮಾಸ್ತರು ಕಪಾಟಿಗೆ ಬೀಗ ಹಾಕಿ ಹೋದರು ಎನ್ನಬಹುದಿತ್ತು. ಆ ಕೊನೆಯ ಹಾಳೆಯನ್ನು ಎಳೆದು ಕಿಸೆಗೆ ಹಾಕಿಕೊಳ್ಳಬಹುದಿತ್ತು. ನಾನು ಅರ್ಜಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ಅವರು ಅಂಕಪಟ್ಟಿಗಳನ್ನು ನೋಡಲೇ ಇಲ್ಲ, ಹಿಂದಿನಿಂದ ತೆರೆದರು. ಪರಿಶಿಷ್ಟ ಜಾತಿ ಎಂಬ ಎರಡು ಪದ ಓದಿ, ಮುಚ್ಚಿ, ಮೇಜಿನ ಮೇಲಿಟ್ಟರು. ಕರವಸ್ತ್ರ ತೆಗೆದರು. ಕಾಗದ ಮುಟ್ಟಿದ್ದಕ್ಕೂ ಬೆರಳು ಒರೆಸಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು. ಛೀ! ಬರೆಯುವಾಗಲೂ ಮೈಯೆಲ್ಲ ಹೇಸಿಗೆ ಆಗುತ್ತದೆ.

“ಬುದ್ಧಿವಂತ ಹುಡುಗ,” ಎಂದರು. “ಪುತ್ತೂರು ದೂರ ಆಯ್ತು. ನಮ್ಮ ಅಕ್ಕನಲ್ಲಿಗೆ ಹೋಗುವ.”

ಅತಿಥಿಯ ಬಸ್ಸು ಇದ್ದದ್ದೇ ಪುತ್ತೂರಿನಿಂದ. ದೂರವಿರಲಿ ಹತ್ತಿರವಿರಲಿ, ಅಲ್ಲಿಗೆ ಹೋಗಲೇಬೇಕಿತ್ತು.

ಅಕ್ಕನ ಹೋಟೆಲಿನಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಅಕ್ಕ ಮೂರು ತಟ್ಟೆ ತಂದಿಟ್ಟಳು. ಇಬ್ಬರಿಗೆ ಕುಚ್ಚಲಕ್ಕಿ ಅನ್ನ ಬಡಿಸಿ ಮೂರನೆಯದಕ್ಕೆ ಬಂದಾಗ ಸಂಚಾಲಕರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. “ನನಗೆ ಬೇಡಕ್ಕ. ಇವತ್ತು ಒಪ್ಪತ್ತು.”

“ಇವತ್ತೂನಾ?” ಎಂದಳು ಅಕ್ಕ.

ನಾನು ತಲೆ ತಗ್ಗಿಸಿ ಸಾರಿಗೆ ಅನ್ನ ಕಲಸತೊಡಗಿದೆ. ಅತಿಥಿಯ ಕೈ ಅನ್ನದ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಒಮ್ಮೆ ಸಂಚಾಲಕರ ಮುಖ ನೋಡಿದರು, ಒಮ್ಮೆ ಅವರ ಮುಂದಿದ್ದ ನೀರಿನ ಬಾಟಲಿ ನೋಡಿದರು. ಆಮೇಲೆ ಕೈಯನ್ನು ನಿಧಾನವಾಗಿ ತೊಡೆಯ ಮೇಲಿಟ್ಟುಕೊಂಡರು.

“ಹಂಗಾರ ನನಗೂ ಇವತ್ತ ಒಪ್ಪತ್ತ್ರಿ ಸರ.”

“ಛೆ ಛೆ, ಅದೆಂತ ಮಾತು? ನೀವು ಅತಿಥಿ, ನೀವು ಊಟ ಮಾಡ್ಬೇಕು ಮಾರಾಯ್ರೆ.”

“ಹಿರೇರು ನೀವು ಉಪಾಸ ಕುಂತಾಗ ನಾ ಹ್ಯಾಂಗ ಉಣ್ಲಿರಿ?”

ಧ್ವನಿ ಏರಲಿಲ್ಲ, ಮುಖ ಗಂಟಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಕ್ಕ ಮಾತ್ರ ಬೇರೆ ಅರ್ಥ ಮಾಡಿಕೊಂಡಳು. ವರ್ಷಗಟ್ಟಲೆ ತನ್ನ ಬೆಂಚಿನ ಮೇಲೆ ಕೂತು ಒಂದು ಅಗುಳು ಮುಟ್ಟದ ದೊಡ್ಡ ಮನುಷ್ಯನನ್ನು ಕಂಡವಳು. ಈಗ 'ಇವನೂ ಒಬ್ಬನಾ' ಎಂಬ ಹಾಗೆ ಸೌಟು ಹಿಡಿದೇ ಕೇಳಿದಳು. “ನಮ್ಮಲ್ಲಿಯದ್ದು ಆಗುದಿಲ್ವಾ ನಿಮಗೆ?”

ಅತಿಥಿ ತಟ್ಟನೆ ಎದ್ದು ನಿಂತರು. “ಅಯ್ಯ, ಹಂಗಲ್ರಿ ಅಕ್ಕಾರ. ಇದನ್ನ ಕಟ್ಟಿ ಕೊಡ್ರಿ. ಬಸ್ಸಿನ್ಯಾಗ ಉಣ್ತೀನಿ. ಮೀನ ಇನ್ನೊಂದ ಹಾಕ್ರಿ.”

ಸಂಚಾಲಕರ ನಗು ಅರ್ಧಕ್ಕೆ ನಿಂತಿತು. ಅಕ್ಕ ಅನ್ನವನ್ನು ಬಾಳೆಲೆಯಲ್ಲಿ, ಸಾರನ್ನು ಬೇರೆ ಕಟ್ಟಿ ಕೊಟ್ಟಳು. ಕಟ್ಟುವವರೆಗೆ ಮೂವರೂ ಸುಮ್ಮನೆ ಕೂತಿದ್ದೆವು. ಮೂವರೂ ಎಂದರೆ ತಪ್ಪು. ನನ್ನ ಕೈ ತಟ್ಟೆಯಲ್ಲಿತ್ತು. ಕಲಸಿದ ಅನ್ನ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅತಿಥಿ ನನ್ನ ಕಡೆ ನೋಡಿ, “ನೀವು ಉಣ್ರಿ ಸರ, ಆರಿ ಹೋಗ್ತೈತಿ” ಎಂದರು. ಒಬ್ಬರು ಉಪವಾಸದ ಸೋಗು ಹಾಕಿದವರು, ಒಬ್ಬರು ಹಸಿದವರು, ಇಬ್ಬರೂ ನೋಡುತ್ತಿದ್ದಂತೆ ನಾನು ಪೂರ್ತಿ ತಟ್ಟೆ ಉಂಡೆ. ತಟ್ಟೆಯಲ್ಲಿ ಒಂದು ಅಗುಳು ಬಿಡಲಿಲ್ಲ.

ಬಸ್ಸು ಹತ್ತಿಸಿ ಆದ ಮೇಲೆ ಸಂಚಾಲಕರು ಎಂದಿನ ಹಾಗೆ, “ಹಸಿವು ಮಾರಾಯ್ರೆ, ಬನ್ನಿ” ಎಂದರು. ನಾನು ಬರುವುದಿಲ್ಲ ಎಂದೆ. ಅಲ್ಲಿಯವರೆಗಿನ ಹನ್ನೆರಡು ವರ್ಷದಲ್ಲಿ ಅದೇ ಮೊದಲ ಸಲ. ಯಾಕೆ ಎಂದು ಕೇಳಿದ್ದಕ್ಕೆ “ಹೊಟ್ಟೆ ತುಂಬಿದೆ” ಎಂದೆ. ನನ್ನ ಪ್ರತಿಭಟನೆ ಅಷ್ಟೇ. “ಒಳ್ಳೆ ಹುಡುಗ. ಬರ್ಲಿ. ಪಾಠ ಮಾಡ್ಲಿಕ್ಕೆ ಎಂತ ತೊಂದರೆ ಇಲ್ಲ ನಮಗೆ” ಎಂದು ಅವರು ಒಬ್ಬರೇ ಹೋಟೆಲಿನ ಕಡೆ ನಡೆದರು.

ಎರಡು ದಿನ ಬಿಟ್ಟು ಆ ಯುವಕರಿಗೆ ಫೋನು ಮಾಡಿದೆ. ದಯವಿಟ್ಟು ಬನ್ನಿ, ಮಕ್ಕಳು ಕಾಯುತ್ತಿದ್ದಾರೆ ಎಂದೆ. 

“ಒಂದ ಮಾತ ಕೇಳ್ತೀನ್ರಿ ಸರ. ಅವರಿಗೆ ಅವತ್ತ ಒಪ್ಪತ್ತ ಇದ್ದಿಲ್ಲ ಅನ್ನೋದು ನಿಮಗ ಗೊತ್ತಿತ್ತೇನ್ರಿ?”

ಕಿಟಕಿಯ ಆಚೆ ಹತ್ತನೆಯ ತರಗತಿ ಕಾಣುತ್ತಿತ್ತು. ಮಕ್ಕಳು ನನ್ನ ಗಣಿತದ ಗಂಟೆಗಾಗಿ ಪುಸ್ತಕ ತೆಗೆದಿಟ್ಟಿದ್ದರು.

“ಗೊತ್ತಿರಲಿಲ್ಲ,” ಎಂದೆ. ಕೇಳದಿದ್ದರೂ “ದೇವರಾಣೆ” ಎಂದು ಸೇರಿಸಿದೆ.

“ಹಂಗಾರ ಸೋಮವಾರ ಬರ್ತೀನ್ರಿ.”

ಬಂದರು. ಆ ವರ್ಷ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಯಾರೂ ಫೇಲಾಗಲಿಲ್ಲ. ಖಾಲಿ ಕಾಗದದ ಹುಡುಗಿ ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಸಂಚಾಲಕರು ವಾರ್ಷಿಕೋತ್ಸವದ ವೇದಿಕೆಯಲ್ಲಿ ಗಣಿತದ ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ, ಇಂಥ ಶಿಕ್ಷಕರು ಸಿಕ್ಕಿದ್ದು ನಮ್ಮ ಪುಣ್ಯ ಎಂದರು. ಶಾಲಿನ ತುದಿ ಹಿಡಿದದ್ದು ಎರಡೇ ಬೆರಳಲ್ಲಿ. ಆಮೇಲಿನ ಊಟಕ್ಕೆ ಅವರಿಗೆ ಒಪ್ಪತ್ತು. ಗಣಿತದ ಮೇಷ್ಟ್ರು ಒಂದೂ ಮಾತಾಡದೆ ಮಕ್ಕಳ ಸಾಲಿನಲ್ಲಿ ಹೋಗಿ ಕೂತು ಉಂಡರು. ನಾಲ್ಕು ವರ್ಷವೂ ಹಾಗೆಯೇ ನಡೆಯಿತು. ನಾನು ನನ್ನ ಸುಳ್ಳನ್ನು ಒಂದು ಒಳ್ಳೆಯ ಸುಳ್ಳು ಎಂದು ಎದೆಯಲ್ಲಿಟ್ಟುಕೊಂಡಿದ್ದೆ. ಮಕ್ಕಳು ಪಾಸಾದ ಪ್ರತಿ ವರ್ಷ ಅದಕ್ಕೆ ಹೊಳಪು ಬರುತ್ತಿತ್ತು.

ಕಳೆದ ವಾರ, ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರೊಬ್ಬರೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಸಂಚಾಲಕರು ಹೋದರು, ಇನ್ನು ಹೆದರಿಕೆ ಯಾರದ್ದು, ಹೇಳಿ ಹಗುರಾಗುವ ಎಂದು ಎದುರಿಗೆ ಕೂತೆ. ಕ್ಷಮಿಸುತ್ತಾರೆ ಎಂಬ ನಂಬಿಕೆಯೂ ಇತ್ತು. “ಅವತ್ತು ಫೋನಿನಲ್ಲಿ ನಾನು ಸುಳ್ಳು ಹೇಳಿದೆ. ಒಪ್ಪತ್ತಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಅರ್ಜಿ ತೆಗೆದು ಅವರ ಕೈಗೆ ಕೊಟ್ಟದ್ದೂ ನಾನೇ” ಎಂದೆ.

ಅವರು ಪೆನ್ನು ನಿಲ್ಲಿಸಲಿಲ್ಲ. “ಗೊತ್ತಿತ್ರಿ ಸರ.”

“ಯಾವಾಗಿನಿಂದ?”

“ಅವತ್ತಿಂದ್ರಿ. ಅಕ್ಕಾರು ‘ಇವತ್ತೂನಾ’ ಅಂದಾಗ ನೀವು ತಲಿ ತಗ್ಗಿಸಿದ್ರಿ.”

“ಮತ್ತೆ ಫೋನಿನಲ್ಲಿ ಕೇಳಿದ್ದು ಯಾಕೆ?”

ಆಗ ಪೆನ್ನಿಗೆ ಕ್ಯಾಪು ಹಾಕಿದರು.

“ಗೊತ್ತಿರಲಿಲ್ಲ ಅಂತ ನೀವು ಅನ್ಲಿ ಅಂತನ ಕೇಳಿದ್ನಿರಿ. ಗೊತ್ತಿತ್ತು ಅಂದಿದ್ರ ನಾ ಬರೋಹಂಗಿದ್ದಿಲ್ಲ. ಕೊಪ್ಪಳದವರು ಅವತ್ತ ಮುಂಜಾನೇನ ಒಲ್ಲೆ ಅಂದಿದ್ರು. ಕೆಲಸ ಬೇಕಾಗಿತ್ರಿ.”

ಕ್ಷಮೆ ಕೇಳಲೆಂದು ನಾನು ಬಾಯಿ ತೆರೆದೆ. ಅವರು ಇನ್ನೊಂದು ಉತ್ತರ ಪತ್ರಿಕೆ ಎಳೆದುಕೊಂಡರು.

“ಬ್ಯಾಡ್ರಿ ಸರ,” ಎಂದರು. “ದಿನಾ ಮುಖಾ ನೋಡ್ಬೇಕಲ್ರಿ ನಾವು.”